ನಾಯಿಗಳಲ್ಲಿ ಮಲಭಕ್ಷಣೆ

ನಾಯಿಯು ತನ್ನ ಮಲವನ್ನೋ ಬೇರೆ ನಾಯಿಯ ಅಥವಾ ಬೇರೆ ಪ್ರಾಣಿಯ ಮಲವನ್ನೋ ತಿನ್ನುವ ನಡವಳಿಕೆಗೆ ಮಲಭಕ್ಷಣೆ ಎಂದು ಹೆಸರು. ಪಶುವೈದ್ಯರು ಬಳಸುವ ಪದ ಕೊಪ್ರೊಫೇಜಿಯ. ಸಗಣಿ ಎಂಬರ್ಥದ ‘ಕೊಪ್ರೋಸ್’, ತಿನ್ನು ಎಂಬರ್ಥದ ‘ಫಗೇನ್’ ಎಂಬ ಎರಡು ಗ್ರೀಕ್ ಮಾತುಗಳಿಂದ ಬಂದದ್ದು. ಸಾಕಿದವರಿಗೆ ಇದು ಹೇಸಿಗೆ; ನಾಯಿಗೆ ಹಾಗಲ್ಲ. ಬಹುಪಾಲು ನಾಯಿಗಳಲ್ಲಿ ಇದು ಕಾಯಿಲೆಯೂ ಅಲ್ಲ. ಆದರೆ ಕೆಲವು ಕಾಯಿಲೆಗಳ ಸುಳಿವಾಗಿ ಇದು ಕಾಣಿಸಿಕೊಳ್ಳುವುದುಂಟು. ಜಂತುಹುಳುಗಳಿಗೂ ಸೋಂಕುಗಳಿಗೂ ಇದು ದಾರಿ. ಪಶುವೈದ್ಯಶಾಸ್ತ್ರ ಇದನ್ನು ಗಮನಿಸುವುದು ಈ ಎರಡು ಕಾರಣಗಳಿಗೆ.

ಪದಬಳಕೆ ಮತ್ತು ವ್ಯಾಪ್ತಿ

ಕನ್ನಡದಲ್ಲಿ ಪ್ರಾಣಿಗೆ ತಕ್ಕ ಹಾಗೆ ಪದ ಬದಲಾಗುತ್ತದೆ. ದನ, ಎಮ್ಮೆಗಳದು ಸಗಣಿ. ಆನೆ, ಕುದುರೆ, ಕತ್ತೆಗಳದು ಲದ್ದಿ. ಕುರಿ, ಮೇಕೆಗಳದು ಹಿಕ್ಕೆ. ನಾಯಿಗೆ ಮಾತ್ರ ಬೇರೆ ಪದವಿಲ್ಲ, ಮನುಷ್ಯರದಕ್ಕೆ ಇರುವ ಮಾತೇ ಅದಕ್ಕೂ ಸಲ್ಲುತ್ತದೆ. ಈ ಲೇಖನದಲ್ಲಿ ಎಲ್ಲಕ್ಕೂ ಸಾಮಾನ್ಯವಾಗಿ ‘ಮಲ’ ಎಂದೂ, ಪ್ರಾಣಿ ಯಾವುದೆಂದು ಹೇಳಬೇಕಾದಲ್ಲಿ ಆಯಾ ಪದವನ್ನೂ ಬಳಸಲಾಗಿದೆ. ಈ ವಿಂಗಡಣೆ ಬರಿಯ ನುಡಿಯ ಬೆಡಗಲ್ಲ. ತಿಂದದ್ದು ಯಾರ ಮಲ ಎಂಬುದರ ಮೇಲೆ ಕಾರಣ, ಅಪಾಯ, ತಡೆ ಮೂರೂ ಬೇರೆಯಾಗುತ್ತವೆ.

ಮಣ್ಣು, ಕಲ್ಲು, ಬಟ್ಟೆಯಂಥ ಆಹಾರವಲ್ಲದ ವಸ್ತುಗಳನ್ನು ತಿನ್ನುವುದಕ್ಕೆ ಪೈಕಾ ಎನ್ನುತ್ತಾರೆ. ಕೆಲವರು ಮಲಭಕ್ಷಣೆಯನ್ನೂ ಅದರೊಳಗೆ ಸೇರಿಸುತ್ತಾರಾದರೂ ಬೇರೆಯಾಗಿ ನೋಡುವುದೇ ಅನುಕೂಲ, ಏಕೆಂದರೆ ಕಲ್ಲಿನಲ್ಲಿ ಪೋಷಕಾಂಶವಿಲ್ಲ, ಮಲದಲ್ಲಿ ಒಂದಿಷ್ಟು ಉಳಿದಿರುತ್ತದೆ. ನಾಯಿಗಳು ಸಗಣಿಯಲ್ಲೋ ಕೊಳೆತ ಮಾಂಸದಲ್ಲೋ ಹೊರಳಾಡುವುದು ಮತ್ತೊಂದೇ ನಡವಳಿಕೆ.

ಪ್ರಾಣಿಲೋಕದಲ್ಲಿ ಮಲ ತಿನ್ನುವುದು ಅಪರೂಪವಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಅವುಗಳಲ್ಲಿ ಮೆತ್ತಗಿನದನ್ನು ಗುದದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗಿ, ಹುದುಗಿದ ಸೊಪ್ಪಿನಲ್ಲಿ ಉಳಿದ ಜೀವಸತ್ವಗಳನ್ನು ಎರಡನೆಯ ಸುತ್ತಿನಲ್ಲಿ ಪಡೆಯುತ್ತದೆ. ಕುದುರೆಮರಿ ತಾಯಿಯ ಲದ್ದಿ ತಿಂದು ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಸಂಪಾದಿಸಿಕೊಳ್ಳುತ್ತದೆ, ಆನೆಮರಿಯೂ ಹಾಗೆಯೇ. ಮೊಲಕ್ಕೆ ಇದು ಬದುಕಿನ ಅಗತ್ಯ, ನಾಯಿಗೆ ಅಲ್ಲ. ಮಲ ತಿನ್ನದ ನಾಯಿಗೆ ಯಾವ ಕೊರತೆಯೂ ಆಗುವುದಿಲ್ಲ.

ಮೂಲ

ನಾಯಿಯ ಬಾಳು ಶುರುವಾಗುವುದೇ ಮಲಭಕ್ಷಣೆಯ ಆಸರೆಯಲ್ಲಿ. ಹುಟ್ಟಿದ ಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬಾರದು. ತಾಯಿ ಅದರ ಹೊಟ್ಟೆಯ ಕೆಳಭಾಗವನ್ನು ನೆಕ್ಕಿದಾಗ ಮಾತ್ರ ವಿಸರ್ಜನೆಯಾಗುತ್ತದೆ, ಬಂದದ್ದನ್ನು ತಾಯಿ ತಿಂದುಬಿಡುತ್ತದೆ. ಸುಮಾರು ಮೂರು ವಾರ ಹೀಗೆ ನಡೆಯುತ್ತದೆ. ಗೂಡು ಚೊಕ್ಕಟವಾಗಿರುತ್ತದೆ, ವಾಸನೆ ಹಿಡಿದು ಬರುವ ಬೇಟೆಗಾರ ಪ್ರಾಣಿಗೆ ಸುಳಿವು ಸಿಗುವುದಿಲ್ಲ. ಈ ಹಂತದ ಮಲಭಕ್ಷಣೆಯನ್ನು ತಡೆಯಬೇಕಾಗಿಲ್ಲ, ತಡೆಯಲೂ ಬಾರದು.

ಬೆಳೆದ ನಾಯಿಗಳ ವಿಷಯಕ್ಕೆ ಬಂದರೆ, ಇಂದು ಹೆಚ್ಚಾಗಿ ಉಲ್ಲೇಖವಾಗುವ ವಿವರಣೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ಅವರ ತಂಡದ್ದು. 2018ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಎರಡು ಸಮೀಕ್ಷೆಗಳಿಂದ ಮೂರು ಸಾವಿರದಷ್ಟು ಸಾಕಿದವರ ಉತ್ತರಗಳು ಬಂದಿದ್ದವು. ನಾಯಿಗಳಲ್ಲಿ ಶೇ. 16ರಷ್ಟು ಬೇರೆ ನಾಯಿಯ ಅಥವಾ ತಮ್ಮ ಮಲವನ್ನು ಪದೇಪದೇ ತಿನ್ನುತ್ತಿದ್ದವು. ಅವು ತಿನ್ನುತ್ತಿದ್ದುದು ಬಹುತೇಕ ಎರಡು ದಿನ ಮೀರದ, ಹೊಸ ಮಲವನ್ನು.

ಹಾರ್ಟ್ ತಂಡ ಗಂಟು ಬಿಚ್ಚಿದ್ದು ಈ ಎರಡು ದಿನಗಳ ಲೆಕ್ಕದಿಂದಲೇ. ಕರುಳಿನ ಹುಳುಗಳ ಮೊಟ್ಟೆ ಮಲದೊಂದಿಗೆ ಹೊರಬಿದ್ದ ತಕ್ಷಣ ಸೋಂಕು ತಗುಲಿಸಲಾರದು. ಅದರೊಳಗೆ ಮರಿಹುಳು ಬೆಳೆಯಬೇಕು, ಅದಕ್ಕೆ ಕೆಲವು ದಿನ ಬೇಕು. ತೋಳಗಳು ಸಾಮಾನ್ಯವಾಗಿ ಗವಿಯಿಂದ ದೂರ ಹೋಗಿ ಮಲ ಹಾಕುತ್ತವೆ. ಆದರೆ ಗಾಯಗೊಂಡದ್ದೋ ಕಾಯಿಲೆ ಬಿದ್ದದ್ದೋ ಗವಿಯ ಬಾಯಲ್ಲೇ ಹಾಕಿದರೆ ಇಡೀ ಗುಂಪಿಗೆ ಹುಳು ಅಂಟುವ ಅಪಾಯ. ಹೊಸದಿರುವಾಗಲೇ ಅದನ್ನು ತಿಂದು ಮುಗಿಸಿದ ತೋಳ ಗುಂಪನ್ನು ಉಳಿಸಿತು, ಆ ಗುಣ ನಾಯಿಗೂ ಇಳಿದು ಬಂತು ಎಂಬುದು ಅವರ ಊಹೆ. ಊಹೆಯೇ ಹೊರತು ಸಿದ್ಧವಾದ ಸತ್ಯವಲ್ಲ. ಆದರೂ ಸಾಕಿದವರು ಹೇಳುವ ‘ಬಿಸಿಬಿಸಿಯಾಗಿದ್ದಾಗಲೇ ಬಾಯಿ ಹಾಕುತ್ತದೆ’ ಎಂಬ ದೂರಿಗೆ ಇಷ್ಟು ಹೊಂದುವ ವಿವರಣೆ ಬೇರೆ ಬಂದಿಲ್ಲ.

ಇನ್ನೊಂದು ಎಳೆ ನಾಯಿ ಪಳಗಿದ ಬಗೆಗೆ ಸೇರಿದ್ದು. ರೇಮಂಡ್ ಕಾಪಿಂಜರ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 2001ರ ತಮ್ಮ ಪುಸ್ತಕದಲ್ಲಿ ನಾಯಿ ಮನುಷ್ಯನ ಹತ್ತಿರ ಬಂದದ್ದು ಊರ ತಿಪ್ಪೆಯ ಮೂಲಕ ಎಂದು ವಾದಿಸಿದರು. ತಿಪ್ಪೆಯಲ್ಲಿ ಎಂಜಲಿನ ಜೊತೆ ಮಲವೂ ಇರುತ್ತಿತ್ತು. ಜಿಂಬಾಬ್ವೆಯ ಹಳ್ಳಿಗಳಲ್ಲಿ ಬಿಡಾಡಿ ನಾಯಿಗಳನ್ನು ಅಧ್ಯಯನ ಮಾಡಿದ ಜೇಮ್ಸ್ ಬಟ್ಲರ್ ಮತ್ತು ಸಂಗಡಿಗರು, ಆ ನಾಯಿಗಳ ಆಹಾರದಲ್ಲಿ ಐದನೇ ಒಂದು ಭಾಗದಷ್ಟು ಮನುಷ್ಯರ ಮಲವೇ ಇತ್ತೆಂದು ಲೆಕ್ಕ ಹಾಕಿದರು. ಬಯಲು ಕಡೆಗೆ ಹೋಗುವ ಜನರ ಹಿಂದೆ ನಾಯಿ ಸುಳಿದಾಡುವುದನ್ನು ಕಂಡ ಭಾರತದ ಹಳ್ಳಿಗರಿಗೆ ಈ ಲೆಕ್ಕ ಹೊಸದೆನಿಸಲಾರದು.

ವಿಧಗಳು

ತಿಂದ ಮಲ ಯಾರದು ಎಂಬುದರ ಮೇಲೆ ಮೂರು ವಿಧ ಮಾಡುತ್ತಾರೆ. ನಾಯಿ ತನ್ನದನ್ನೇ ತಿಂದರೆ ಸ್ವಮಲಭಕ್ಷಣೆ; ಇದು ಮರಿಗಳಲ್ಲಿ ಹೆಚ್ಚು, ಬೆಳೆದಂತೆ ಅನೇಕವು ತಾವಾಗಿ ಬಿಡುತ್ತವೆ. ಬೇರೆ ನಾಯಿಯದನ್ನು ತಿಂದರೆ ಸಜಾತಿ ಮಲಭಕ್ಷಣೆ. ಎರಡು ಮೂರು ನಾಯಿಗಳಿರುವ ಮನೆಗಳಲ್ಲಿ ಇದು ಒಂಟಿ ನಾಯಿಯ ಮನೆಗಿಂತ ಹೆಚ್ಚೆಂದು ಹಾರ್ಟ್ ಅವರ ಸಮೀಕ್ಷೆಯಲ್ಲೂ ಕಂಡಿತು.

ಮೂರನೆಯದು ಅನ್ಯಜಾತಿ ಮಲಭಕ್ಷಣೆ. ಬೆಕ್ಕಿನ ಆಹಾರದಲ್ಲಿ ಪ್ರೋಟೀನ್ ಮತ್ತು ಕೊಬ್ಬು ಹೆಚ್ಚಾದ್ದರಿಂದ ಅದರ ಮಲ ನಾಯಿಗೆ ತಿಂಡಿಯ ಹಾಗೆ. ಬೆಕ್ಕು ಮಲ ಹಾಕಲೆಂದು ಇಡುವ ಮಣ್ಣಿನ ತಟ್ಟೆಗೆ ಬಾಯಿ ಹಾಕದ ನಾಯಿ ಕಡಿಮೆ. ಹಟ್ಟಿ ಇರುವ ಮನೆಗಳಲ್ಲಿ ಸಗಣಿ, ಕುರಿದೊಡ್ಡಿಯ ಪಕ್ಕದಲ್ಲಿ ಹಿಕ್ಕೆ, ಕೋಳಿಗೂಡಿನ ಕೆಳಗೆ ಕೋಳಿಯ ಹಿಕ್ಕೆ ಸಿಗುತ್ತದೆ. ಈ ಮೂರನೆಯ ವಿಧವನ್ನು ಪಶುವೈದ್ಯರು ಸಹಜ ಹೆಕ್ಕಿ ತಿನ್ನುವ ನಡವಳಿಕೆಯೆಂದೇ ಪರಿಗಣಿಸುತ್ತಾರೆ.

ಕಾರಣಗಳು

ಆರೋಗ್ಯವಾಗಿರುವ ನಾಯಿಯೂ ಮಲ ತಿನ್ನುವುದರಿಂದ ‘ಏನೋ ಕೊರತೆಯಿದೆ’ ಎಂಬ ತೀರ್ಮಾನಕ್ಕೆ ಕೂಡಲೇ ಬರುವಂತಿಲ್ಲ. ಹಾರ್ಟ್ ಅವರ ಸಮೀಕ್ಷೆಯಲ್ಲಿ ನಾಯಿಯ ವಯಸ್ಸಿಗೂ ಕೊಡುವ ಆಹಾರದ ಬಗೆಗೂ ಮಲಭಕ್ಷಣೆಗೂ ನಂಟು ಕಾಣಲಿಲ್ಲ. ಮನೆಯಲ್ಲಿ ಎಲ್ಲೆಂದರಲ್ಲಿ ಮಲ ಹಾಕದಂತೆ ಪಳಗಿದ ನಾಯಿಗಳೂ ಬಾಯಿ ಹಾಕುತ್ತಿದ್ದವು. ಎದ್ದು ಕಂಡ ನಂಟು ಬೇರೆಯದು: ಬಟ್ಟಲಿಗೆ ಹಾಕಿದ್ದನ್ನು ಗಬಗಬ ನುಂಗುವ ಹೊಟ್ಟೆಬಾಕ ನಾಯಿಗಳಲ್ಲಿ ಈ ಚಟ ಹೆಚ್ಚಾಗಿತ್ತು.

ಹಾಗೆಂದು ಕಾಯಿಲೆಯನ್ನು ಮರೆಯುವಂತಿಲ್ಲ. ಈವರೆಗೆ ಮಲ ಮೂಸದ ಬೆಳೆದ ನಾಯಿ ಥಟ್ಟನೆ ತಿನ್ನತೊಡಗಿದರೆ ಮೊದಲು ನೋಡಬೇಕಾದದ್ದು ಹೊಟ್ಟೆ. ಮೇದೋಜೀರಕ ಗ್ರಂಥಿ ಜೀರ್ಣಕಿಣ್ವಗಳನ್ನು ಸಾಕಷ್ಟು ಸ್ರವಿಸದ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ವಂಶದಲ್ಲೇ ಹರಿದು ಬರುತ್ತದೆ. ತಿಂದ ಕೊಬ್ಬು, ಪ್ರೋಟೀನ್ ಅರ್ಧಂಬರ್ಧ ಜೀರ್ಣವಾಗಿ ಹೊರಬೀಳುತ್ತವೆ. ಮಲ ರಾಶಿಯಾಗಿ, ತೆಳುಬಣ್ಣದಲ್ಲಿ, ಜಿಡ್ಡಾಗಿ ಬರುತ್ತದೆ. ನಾಯಿ ಎಷ್ಟು ತಿಂದರೂ ಸೊರಗುತ್ತದೆ, ಹಸಿವು ಹಿಂಗುವುದಿಲ್ಲ, ಎದುರಿಗೆ ಬಿದ್ದದ್ದರಲ್ಲಿ ಇನ್ನೂ ಆಹಾರವಿದೆ ಎಂದು ಮೂಗು ಹೇಳುತ್ತದೆ. ರಕ್ತದಲ್ಲಿ ಟ್ರಿಪ್ಸಿನ್‌ನಂಥ ಕಿಣ್ವದ ಪ್ರಮಾಣ ಅಳೆಯುವ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ. ಕಿಣ್ವದ ಪುಡಿಯನ್ನು ಪ್ರತಿ ಊಟಕ್ಕೆ ಬೆರೆಸಿ ಕೊಡುವುದು ಚಿಕಿತ್ಸೆ, ಸಾಮಾನ್ಯವಾಗಿ ಜೀವನಪರ್ಯಂತ. ಜೊತೆಗೆ ಬಿ12 ಜೀವಸತ್ವ ಬೇಕಾಗಬಹುದು.

ಕರುಳು ಸಾರ ಹೀರಲಾರದ ಇತರ ತೊಂದರೆಗಳು, ಜಂತುಹುಳು, ಸಕ್ಕರೆ ಕಾಯಿಲೆ, ಅಡ್ರಿನಲ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕುಶಿಂಗ್ ಕಾಯಿಲೆ ಕೂಡ ಅತಿಹಸಿವೆಯ ಮೂಲಕ ಇದೇ ಜಾಗಕ್ಕೆ ತಂದು ನಿಲ್ಲಿಸುತ್ತವೆ. ತುರಿಕೆಗೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ಫಿನೊಬಾರ್ಬಿಟಾಲ್ ಸಹ ಹಸಿವೆ ಕೆರಳಿಸುತ್ತವೆ. ಮಾತ್ರೆ ಶುರುವಾದ ವಾರದಲ್ಲೇ ಮಲ ತಿನ್ನುವುದೂ ಶುರುವಾಗಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಉಳಿದ ಕಾರಣಗಳು ವಾಸಕ್ಕೂ ಒಡನಾಟಕ್ಕೂ ಸೇರಿದವು. ಮಾರಾಟಕ್ಕೆಂದು ಇಕ್ಕಟ್ಟಾದ ಗೂಡಿನಲ್ಲಿ ಬೆಳೆಸಿದ ಮರಿ ತಿನ್ನುವ ಜಾಗ, ಮಲಗುವ ಜಾಗ, ಮಲ ಹಾಕುವ ಜಾಗ ಎಲ್ಲವನ್ನೂ ಒಂದೇ ಎಂದು ಕಲಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಬಾಲ್ಕನಿಯಲ್ಲಿ ಒಂಟಿಯಾಗಿ ಉಳಿಯುವ ನಾಯಿಗೆ ಎದುರಿಗಿರುವ ಒಂದೇ ಹೊಸ ವಸ್ತು ತನ್ನ ಮಲ. ಮನೆಯೊಳಗೆ ಮಲ ಹಾಕಿದ್ದಕ್ಕೆ ಹೊಡೆತ ತಿಂದ ಮರಿ, ಮಲ ಕಂಡರೆ ಯಜಮಾನ ಕೆರಳುತ್ತಾನೆ ಎಂದಷ್ಟೇ ತಿಳಿಯುತ್ತದೆ. ಅವನು ಬರುವುದರೊಳಗೆ ನುಂಗಿ ಮುಗಿಸುತ್ತದೆ. ಓಡಿ ಬಂದು ಕೂಗಾಡಿದರೆ ಕೆಲವು ನಾಯಿಗಳಿಗೆ ಅದು ಆಟವಾಗುತ್ತದೆ. ಮೂತಿಯನ್ನು ಮಲಕ್ಕೆ ತಿಕ್ಕುವ ಹಳೆಯ ಶಿಕ್ಷೆ ಏನನ್ನೂ ಕಲಿಸುವುದಿಲ್ಲ.

ಅಪಾಯಗಳು

ತನ್ನದೇ ಹೊಸ ಮಲ ತಿಂದ ನಾಯಿಗೆ ಹೊಸ ಸೋಂಕು ತಗಲುವ ಸಂಭವ ಕಡಿಮೆ. ಬೇರೆಯವರದನ್ನು, ಅದರಲ್ಲೂ ಹಳೆಯದನ್ನು ತಿಂದಾಗ ಲೆಕ್ಕ ಬದಲಾಗುತ್ತದೆ. ದುಂಡುಹುಳುವಿನ ಮೊಟ್ಟೆ ನೆಲದಲ್ಲಿ ಎರಡರಿಂದ ನಾಲ್ಕು ವಾರ ಕಳೆದ ಮೇಲೆ ಸೋಂಕು ತಗುಲಿಸುತ್ತದೆ. ಕೊಕ್ಕೆಹುಳು, ಚಾಟಿಹುಳು, ಜಿಯಾರ್ಡಿಯ ಎಂಬ ಏಕಕೋಶಜೀವಿ, ಸಾಲ್ಮೊನೆಲ್ಲ ಮತ್ತು ಕ್ಯಾಂಪೈಲೊಬ್ಯಾಕ್ಟರ್ ಬ್ಯಾಕ್ಟೀರಿಯಗಳೂ ಇದೇ ದಾರಿಯಲ್ಲಿ ಬರುತ್ತವೆ.

ಲಸಿಕೆ ಪೂರ್ತಿಯಾಗದ ಮರಿಗೆ ದೊಡ್ಡ ಅಪಾಯ ಪಾರ್ವೊ. 1978ರ ಹೊತ್ತಿಗೆ ಜಗತ್ತಿನಾದ್ಯಂತ ಹಬ್ಬಿದ ಈ ವೈರಾಣು ರೋಗಿ ನಾಯಿಯ ಮಲದಲ್ಲಿ ಕೋಟಿಗಟ್ಟಲೆ ಹೊರಬೀಳುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಔಷಧ ಸೇರಿದ ಮಲ ಇನ್ನೊಂದು ಬಗೆಯ ವಿಷ. ಜಾನುವಾರುಗಳ ಹುಳುವಿಗೆ ಕೊಡುವ ಐವರ್ಮೆಕ್ಟಿನ್ ಬಹುಪಾಲು ಮಲದಲ್ಲೇ ಹೊರಹೋಗುತ್ತದೆ. ಕೋಲಿ ಮತ್ತು ಅದರ ಬಳಗದ ತಳಿಗಳಲ್ಲಿ ಇಂಥ ಔಷಧವನ್ನು ಮಿದುಳಿನಿಂದ ಆಚೆ ತಳ್ಳುವ ಜೀನು ಕೆಟ್ಟಿರುವುದುಂಟು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರೀನಾ ಮೀಲಿ ಅವರ ತಂಡ 2001ರಲ್ಲಿ ಇದನ್ನು ಗುರುತಿಸಿತು. ಅಂಥ ನಾಯಿ ಔಷಧ ಕುಡಿದ ಕುದುರೆಯ ಲದ್ದಿ ತಿಂದರೆ ತೂರಾಡುವುದು, ಕಣ್ಣು ಮಂಜಾಗುವುದು, ಪ್ರಜ್ಞೆ ತಪ್ಪುವುದು ಸಾಧ್ಯ. ಬೆಕ್ಕಿನ ತಟ್ಟೆಯಲ್ಲಿ ಹಾಕುವ, ನೀರು ತಗುಲಿದರೆ ಗಟ್ಟಿಯಾಗುವ ಮಣ್ಣು ಹೆಚ್ಚು ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದು.

ಮನುಷ್ಯರಿಗೂ ಪಾಲಿದೆ. ಮಲ ತಿಂದ ಬಾಯಿಂದ ಮಗುವಿನ ಮುಖ ನೆಕ್ಕಿದರೆ ಬ್ಯಾಕ್ಟೀರಿಯ, ಜಿಯಾರ್ಡಿಯ ದಾಟಬಹುದು. ರೆಬೆಕಾ ಟ್ರಾಬ್ ಮತ್ತು ಸಂಗಡಿಗರು ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರ ಕರುಳಿನ ದುಂಡುಹುಳುವಿನ ಮೊಟ್ಟೆಗಳು ನಾಯಿಗಳ ಮಲದಲ್ಲಿ ಸಿಕ್ಕಿದವು. ತೋಟದ ಜನ ಬಯಲಿಗೆ ಹೋದದ್ದನ್ನು ನಾಯಿ ತಿಂದು, ಮೊಟ್ಟೆಗಳನ್ನು ಕೆಡದಂತೆ ಹೊತ್ತೊಯ್ದು ಇನ್ನೊಂದು ಕಡೆ ಉದುರಿಸುತ್ತಿತ್ತು.

ಪರೀಕ್ಷೆ

ಹೀಗೆ ಮೊಟ್ಟೆಗಳು ಕೆಡದೆ ನಾಯಿಯ ಕರುಳನ್ನು ದಾಟಿ ಬರುವ ಸಂಗತಿ ಪ್ರಯೋಗಾಲಯವನ್ನೂ ದಾರಿ ತಪ್ಪಿಸುತ್ತದೆ. ಮಲಭಕ್ಷಕ ನಾಯಿಯ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಣುವ ಮೊಟ್ಟೆಗಳೆಲ್ಲ ಅದರ ಕರುಳಿನ ಹುಳುಗಳವೇ ಆಗಿರಬೇಕಿಲ್ಲ. ಕುರಿಯ ಅಥವಾ ಕೋಳಿಯ ಹಿಕ್ಕೆಯೊಡನೆ ಒಳಗೆ ಹೋಗಿ ಹಾಗೆಯೇ ಹೊರಬಂದ ಪ್ರಯಾಣಿಕರಾಗಿರಬಹುದು. ಇದನ್ನು ಹುಸಿ ಸೋಂಕು ಎನ್ನಬಹುದು. ಐಮೀರಿಯ ಎಂಬ ಪರಜೀವಿ ನಾಯಿಯಲ್ಲಿ ನೆಲೆಯೂರುವುದಿಲ್ಲ. ಅದರ ಕೋಶಗಳು ಕಂಡರೆ ನಾಯಿ ಯಾವುದೋ ಕೋಳಿಗೂಡಿಗೋ ಕುರಿದೊಡ್ಡಿಗೋ ಹೋಗಿ ಬಂದಿದೆ ಎಂದೇ ಅರ್ಥ. ಕೆಲವು ದಿನ ಏನನ್ನೂ ಹೆಕ್ಕಿ ತಿನ್ನದಂತೆ ಕಾದು ಮತ್ತೆ ಪರೀಕ್ಷಿಸಿದರೆ ಹುಸಿಯಾವುದು, ದಿಟವಾವುದು ತಿಳಿಯುತ್ತದೆ.

ತೂಕ ಇಳಿದಿದೆಯೇ, ಮಲ ಹೇಗಿದೆ, ಹಸಿವೆ ನೀರಡಿಕೆ ಹೆಚ್ಚಿವೆಯೇ, ಯಾವ ಮಾತ್ರೆ ನಡೆಯುತ್ತಿದೆ, ಯಾರ ಮಲ ತಿನ್ನುತ್ತದೆ ಎಂಬ ಪ್ರಶ್ನೆಗಳಿಂದ ಪಶುವೈದ್ಯರು ಆರಂಭಿಸುತ್ತಾರೆ. ಬೇರೆ ನಾಯಿಯದನ್ನು ಮಾತ್ರ ತಿನ್ನುತ್ತಿದ್ದರೆ ಮಲ ಹಾಕುವ ಆ ನಾಯಿಯನ್ನೂ ಪರೀಕ್ಷಿಸಬೇಕು. ಜೀರ್ಣ ಕೆಟ್ಟಿರುವುದು ಅದರದ್ದಿರಬಹುದು.

ತಡೆಯುವ ಕ್ರಮಗಳು

ಎಲ್ಲ ಕ್ರಮಗಳಲ್ಲಿ ನೆಚ್ಚಬಹುದಾದದ್ದು ಮಲವನ್ನು ಕೂಡಲೇ ಎತ್ತಿ ಹಾಕುವುದು. ನಾಯಿಗೆ ಬೇಕಾದದ್ದು ಹೊಸ ಮಲವಾದ್ದರಿಂದ ಸಂಜೆಗೊಮ್ಮೆ ಅಂಗಳ ಗುಡಿಸಿದರೆ ಸಾಲದು, ಮಲ ಹಾಕುವ ಹೊತ್ತಿಗೆ ಪಕ್ಕದಲ್ಲಿರಬೇಕು. ಇದು ಅನಿಸುವಷ್ಟು ಕಷ್ಟವಲ್ಲ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡಕರುಳು ತಾನಾಗಿ ಚಲಿಸತೊಡಗುತ್ತದೆ. ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ ಊಟ ಹಾಕಿದರೆ ಮಲ ಹಾಕುವ ಸಮಯವೂ ಗೊತ್ತಾಗುತ್ತದೆ. ಮರಿಗಳು ಊಟವಾದ ಸ್ವಲ್ಪ ಹೊತ್ತಿಗೆ ಮತ್ತು ನಿದ್ದೆಯಿಂದ ಎದ್ದ ತಕ್ಷಣ ಮಲ ಹಾಕುತ್ತವೆ. ದಿನವಿಡೀ ಬಟ್ಟಲು ತುಂಬಿಟ್ಟರೆ ಈ ಲೆಕ್ಕ ಸಿಗುವುದಿಲ್ಲ.

ಜೊತೆಗೆ ಬೇಕಾದದ್ದು ಅಭ್ಯಾಸ. ನಾಯಿಯನ್ನು ಹಗ್ಗದಲ್ಲಿ ಕರೆದೊಯ್ದು, ಅದು ಮಲ ಹಾಕಿ ತಿರುಗುವ ಮೊದಲೇ ಹೆಸರು ಕರೆದು ತನ್ನತ್ತ ಬಂದದ್ದಕ್ಕೆ ಒಂದು ತುಣುಕು ಬೇಯಿಸಿದ ಕೋಳಿಮಾಂಸವನ್ನೋ ಪನೀರನ್ನೋ ಕೊಡಬೇಕು. ಕೆಲವು ವಾರಗಳಲ್ಲಿ ಮಲ ಹಾಕಿದ ಕೂಡಲೇ ಯಜಮಾನನ ಕೈ ನೋಡುವುದು ರೂಢಿಯಾಗುತ್ತದೆ. ‘ಬಿಡು’ ಎಂಬ ಮಾತನ್ನು ಬೇರೆಯಾಗಿ, ಮನೆಯೊಳಗೆ ಕಲಿಸುತ್ತಾರೆ: ಮುಚ್ಚಿದ ಮುಷ್ಟಿಯಲ್ಲಿ ತಿಂಡಿ ಹಿಡಿದು, ನಾಯಿ ಮೂಸುವುದನ್ನು ನಿಲ್ಲಿಸಿ ಹಿಂದೆ ಸರಿದಾಗ ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡುವುದು. ಹೊರಗೆ ಮಲದ ಮುಂದೆ ಮೊದಲ ಸಲ ಕೂಗಿದರೆ ಆ ಮಾತಿಗೆ ಬೆಲೆಯಿರುವುದಿಲ್ಲ.

ಕಾವಲು ಕಾಯಲಾಗದ ಕಡೆ ಬಾಯಿಕುಕ್ಕೆ ಹಾಕುವುದುಂಟು. ಒಕ್ಕಣೆಯ ಎತ್ತಿಗೆ ಕಟ್ಟುವ ಕುಕ್ಕೆಯ ಹಾಗೆಯೇ ಇದೂ ಉಸಿರಾಡಲು, ನೀರು ಕುಡಿಯಲು ಎಡೆಯಿರುವ ಬುಟ್ಟಿಯ ಆಕಾರದ್ದಾಗಿರಬೇಕು. ಬಾಯನ್ನು ಬಿಗಿಯಾಗಿ ಕಟ್ಟುವ ಬಟ್ಟೆಯ ಪಟ್ಟಿ ನಮ್ಮ ಸೆಖೆಯಲ್ಲಿ ಅಪಾಯಕಾರಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಬೆಕ್ಕಿನ ತಟ್ಟೆಯನ್ನು ನಾಯಿಗೆ ಎಟುಕದ ಎತ್ತರದಲ್ಲಿ ಇಟ್ಟರೆ ಆ ವಿಧದ ಮಲಭಕ್ಷಣೆ ಅಲ್ಲಿಗೇ ಮುಗಿಯುತ್ತದೆ.

ತಡೆಯುವವರೆಗೆ ಹಾನಿ ಕಡಿಮೆ ಮಾಡುವುದು ಜಂತುನಾಶಕದ ಕೆಲಸ. ಮರಿಗಳಿಗೆ ಎರಡು ವಾರದಿಂದ ಆರಂಭಿಸಿ ಎರಡೆರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ; ಮಲ ತಿನ್ನುವ ನಾಯಿಗೆ ಪಶುವೈದ್ಯರು ಅಂತರ ಕಡಿಮೆ ಮಾಡಬಹುದು.

ಪುಡಿ, ಮಾತ್ರೆ ಮತ್ತು ಮನೆಮದ್ದು

ಮಲಕ್ಕೆ ಕೆಟ್ಟ ರುಚಿ ಬರಿಸುತ್ತವೆ ಎಂದು ಹೇಳಿಕೊಳ್ಳುವ ಪುಡಿ, ಮಾತ್ರೆಗಳು ಮಾರುಕಟ್ಟೆಯಲ್ಲಿವೆ. ಅಜಿನೊಮೊಟೊ ಎಂಬ ಹೆಸರಿನಿಂದ ಮನೆಮಾತಾದ ಮೋನೊಸೋಡಿಯಂ ಗ್ಲುಟಮೇಟ್, ಯುಕ್ಕಾ ಗಿಡದ ಸಾರ, ಮೆಣಸಿನ ಘಾಟು ಇವುಗಳಲ್ಲಿರುವ ಸಾಮಾನ್ಯ ಪದಾರ್ಥಗಳು. ಮನೆಮದ್ದಾಗಿ ಅನಾನಸ್, ಸಿಹಿಗುಂಬಳ, ಪಪ್ಪಾಯಿಯ ಕಿಣ್ವ ಬೆರೆತ ಮಾಂಸ ಮೆದುಮಾಡುವ ಪುಡಿ ಹೆಸರಾಗಿವೆ. ಹಾರ್ಟ್ ಅವರ ಸಮೀಕ್ಷೆ ಇಂಥ 11 ಉತ್ಪನ್ನಗಳ ಬಗ್ಗೆ ವಿಚಾರಿಸಿತು. ಫಲ ಸಿಕ್ಕಿತೆಂದವರು ಶೇ. 0ರಿಂದ 2. ಇಷ್ಟು ಸೋತ ಸರಕು ಇನ್ನೂ ಅಂಗಡಿಯ ಕಪಾಟಿನಲ್ಲಿರಲು ಕಾರಣ ಬಹುಶಃ ಮರಿಗಳೇ: ಪುಡಿ ಹಾಕುತ್ತಿರುವಾಗಲೇ ಮರಿ ಬೆಳೆದು ಚಟ ಬಿಟ್ಟರೆ ಹೆಸರು ಪುಡಿಗೆ ಬರುತ್ತದೆ.

ಅದೇ ಸಮೀಕ್ಷೆಯಲ್ಲಿ ಅಭ್ಯಾಸ ಮಾಡಿಸುವ ವಿಧಾನಗಳ ಫಲವೂ ಸೊನ್ನೆಯ ಆಸುಪಾಸಿನಲ್ಲೇ ಇತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಕರೆದಾಗ ಬರುವ, ‘ಬಿಡು’ ಎಂದರೆ ಬಿಡುವ ನಾಯಿ ಯಜಮಾನ ಮನೆಯೊಳಗಿದ್ದಾಗ ಹಿತ್ತಲಲ್ಲಿ ಮತ್ತೆ ತಿನ್ನಬಲ್ಲದು. ಅಭ್ಯಾಸ ಚಟವನ್ನು ಕಿತ್ತೊಗೆಯುವುದಿಲ್ಲ. ಮಲ ಎತ್ತಲು ಬೇಕಾದ ಅರೆನಿಮಿಷವನ್ನು ಸಂಪಾದಿಸಿ ಕೊಡುತ್ತದೆ.

ಮಲದ ಮೇಲೆ ಖಾರದಪುಡಿ ಉದುರಿಸುವುದು ಹಲವೆಡೆ ಕಾಣುವ ಪ್ರಯೋಗ. ನಾಯಿ ಖಾರವಿಲ್ಲದ ಮಲವನ್ನು ಮೂಗಿನಿಂದಲೇ ಆರಿಸಿಕೊಳ್ಳುತ್ತದೆ. ಖಾರ ಹೊಟ್ಟೆಗೆ ಹೋದರೆ ವಾಂತಿ ಭೇದಿ ಆಗಬಹುದು.

ಇಂದಿನ ಸ್ಥಿತಿ

ಹಿತ್ತಲು, ಹೊಲಗಳಿದ್ದ ಮನೆಗಳಲ್ಲಿ ನಾಯಿ ಏನು ತಿನ್ನುತ್ತದೆಂದು ನೋಡುವವರಿರಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಾಯಿ ಫ್ಲ್ಯಾಟಿನೊಳಗೆ ಬಂದು ಸೋಫಾದ ಮೇಲೆ ಮಲಗತೊಡಗಿದ ಮೇಲೆ ಮಲಭಕ್ಷಣೆ ಪಶುವೈದ್ಯರ ಮುಂದಿನ ದೂರಾಯಿತು. ನಾಯಿ ಬದಲಾಗಿಲ್ಲ, ಅದರ ಬಾಯಿ ಮನುಷ್ಯರ ಮುಖಕ್ಕೆ ಹತ್ತಿರವಾಗಿದೆ.

ರಸ್ತೆಯ ಮಲ ಎತ್ತುವುದನ್ನು ಕಾನೂನಾಗಿಸಿದ ನಗರಗಳಲ್ಲಿ ನ್ಯೂಯಾರ್ಕ್ ಹೆಸರಾದದ್ದು. ಅಲ್ಲಿ 1978ರ ಆಗಸ್ಟ್‌ನಿಂದ ನಾಯಿಯ ಹಿಂದೆ ಯಜಮಾನನೇ ಶುಚಿ ಮಾಡಬೇಕೆಂಬ ನಿಯಮವಿದೆ. ಭಾರತದಲ್ಲಿ ಅನೇಕ ವಸತಿ ಸಮುಚ್ಚಯಗಳ ನಿವಾಸಿ ಸಂಘಗಳು ಇದನ್ನು ತಮ್ಮ ಕಟ್ಟಳೆಗಳಲ್ಲಿ ಸೇರಿಸಿವೆ. ಕಟ್ಟಳೆಯ ಉದ್ದೇಶ ಪಾದಚಾರಿಯ ಚಪ್ಪಲಿ ಉಳಿಸುವುದು. ಆದರೆ ಎತ್ತಿದ ಪ್ರತಿ ಮಲವೂ ಹಿಂದೆ ಬರುವ ನಾಯಿಯ ಬಾಯಿಂದ ತಪ್ಪಿದ್ದೇ. ಬೀದಿನಾಯಿಗಳ ಮಲ ಎತ್ತುವವರಿಲ್ಲದ ಕಾರಣ, ಸಾಕುನಾಯಿಯನ್ನು ಹೊರಗೆ ಸುತ್ತಾಡಿಸುವಾಗ ಹಗ್ಗವನ್ನು ಗಿಡ್ಡವಾಗಿ ಹಿಡಿದು, ಅದು ಮೂಸಲು ತಲೆ ತಗ್ಗಿಸಿದ ಕಡೆ ಕಣ್ಣಿಡುವುದು ಇಲ್ಲಿ ಇನ್ನೂ ಬೇಕಾಗುತ್ತದೆ.